ಬೊಳ್ಳಾಜೆ ಬಸದಿಯ ಒದ್ದೆ ಹಗ್ಗ

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ಪ್ರಭಾಚಂದ್ರರು ಮೆಟ್ಟಿಲು ಹತ್ತಿ ಬಂದರು. ನಾರಾವಿಯಿಂದ ಒಳಗೆ ಹೋದರೆ ಸಿಗುವ ಬೊಳ್ಳಾಜೆಯ ಬಸದಿಗೆ ಪೂಜೆಯೂ ಅವರದ್ದೇ, ಆಡಳಿತವೂ ಅವರದ್ದೇ. ಎಪ್ಪತ್ತು ದಾಟಿದ ಆ ಮನುಷ್ಯ ಜೀವಮಾನದಲ್ಲಿ ಪೊಲೀಸ್ ಠಾಣೆಯ ಮುಖ ಕಂಡವರಲ್ಲ. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು. ಸಬ್ ಇನ್ಸ್‌ಪೆಕ್ಟರ್ ಕಾಂತಿ ಅವರನ್ನು ಕೂರಿಸಿ, ನೀರು ಕೊಡಿಸಿ, ದೂರು ಕೇಳಿದಳು.

“ಏನು ಹೋಗಿದೆ?”

“ಶಾಂತಿನಾಥ ಸ್ವಾಮಿಯ ಬಿಂಬ. ಪಂಚಲೋಹದ್ದು. ಗೇಣುದ್ದ ಉಂಟು.”

“ಬೀಗ ಒಡೆದಿದ್ದಾರಾ?”

“ಇಲ್ಲ. ಕೀಲಿಕೈ ಜಗಲಿಯ ಸೂರಿನ ಪಕ್ಕಾಸಿನ ಸಂದಿಯಲ್ಲಿ ಇಡುವುದು. ಊರಿಗೆಲ್ಲ ಗೊತ್ತುಂಟು.”

“ಊರಿಗೆಲ್ಲ ಗೊತ್ತಿದ್ದರೆ ಬೀಗ ಯಾಕೆ ಸ್ವಾಮಿ?” ಎಂದ ಹೆಡ್ ಕಾನ್‌ಸ್ಟೇಬಲ್ ಗುರುವಪ್ಪ. ಅವನ ಬಾಯಿಗೆ ಬೀಗ ಹಾಕುವವರು ಆ ಠಾಣೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕಾಂತಿ ಅವನನ್ನು ಕಣ್ಣಲ್ಲೇ ಗದರಿಸಿ ಮುಂದುವರಿಸಿದಳು. “ನಿನ್ನೆ ಆ ಜಗಲಿಯಲ್ಲಿ ಹೊರಗಿನವರು ಯಾರಾದರೂ ಕೂತಿದ್ದರಾ?”

“ಇದಿನಬ್ಬ ಬಂದಿದ್ದ, ವಾಮದಪದವಿನ ಗುಜರಿಯವ. ಹಳೆಯ ತಾಮ್ರದ ಹಂಡೆ ತೂಗಿ ಕೊಂಡುಹೋದ. ಆದರೆ ಅವ ಮೂವತ್ತು ವರ್ಷದಿಂದ ಬರ್ತಾನೆ, ಒಂದು ಚಮಚ ಸಹ...”

‘ಆದರೆ’ಯ ನಂತರದ್ದು ಯಾರ ಕಿವಿಗೂ ಬೀಳಲಿಲ್ಲ. ಗುರುವಪ್ಪ ಆಗಲೇ ಜೀಪಿನ ಚಾಲಕನನ್ನು ಕೂಗಿಯಾಗಿತ್ತು. “ಕರೆದುಕೊಂಡು ಬನ್ನಿ,” ಎಂದವಳು ಕಾಂತಿಯೇ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಪ್ರೊಫೆಸರ್ ಆದೀಶ್ ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಕುರ್ಚಿ ಒಂದು ತಿಂಗಳಿನಿಂದ ಅವರದ್ದಾಗಿತ್ತು. ಹುಟ್ಟಿದ್ದು ಬೊಳ್ಳಾಜೆ. ಓದಿ ಇಂಗ್ಲೆಂಡಿಗೆ ಹೋದರು. ಅಲ್ಲಿನ ಪೊಲೀಸರು ಕಪ್ಪು ಹುಡುಗರನ್ನೇ ಯಾಕೆ ಬೀದಿಯಲ್ಲಿ ತಡೆದು ಜೇಬು ತಡಕುತ್ತಾರೆ ಎಂದು ಬರೆದು ಡಾಕ್ಟರೇಟ್ ಪಡೆದರು. ಇಪ್ಪತ್ತು ವರ್ಷದಿಂದ ಅದೇ ಅವರ ಕೆಲಸ: ಅಪರಾಧ ನಡೆದಾಗ ಪೊಲೀಸರ ಕಣ್ಣು ಮೊದಲು ಯಾರ ಬಣ್ಣ, ಯಾರ ಹೆಸರಿನ ಮೇಲೆ ಹೋಗುತ್ತದೆ? ಈ ವರ್ಷ ಮೇಲಧಿಕಾರಿಗಳ ಅನುಮತಿ ಪಡೆದು, ಮೂಡುಬಿದಿರೆಯಲ್ಲಿ ಮನೆ ಬಾಡಿಗೆಗೆ ಹಿಡಿದು, ತಮ್ಮದೇ ಊರಿನ ಠಾಣೆಗೆ ಬಂದು ಕೂತಿದ್ದರು. ಮೆತ್ತಗಿನ ಮಾತಿನ ಮನುಷ್ಯ. ಕಾಂತಿಗೆ ಅವರ ಮೇಲೆ ಗೌರವವಿತ್ತು, ಜೊತೆಗೆ ಯಾರೋ ಬೆನ್ನು ನೋಡುತ್ತಿದ್ದಾರೆ ಎಂಬ ಕಿರಿಕಿರಿಯೂ ಇತ್ತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಬಸದಿಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬಿಂಬದ ಪೀಠ ಬರಿದಾಗಿತ್ತು. ಪಕ್ಕದಲ್ಲೇ ಇದ್ದ ಬೆಳ್ಳಿಯ ದೀಪಗಳನ್ನೂ ಕೊಡೆಯನ್ನೂ ಯಾರೂ ಮುಟ್ಟಿರಲಿಲ್ಲ. ಗುರುವಪ್ಪ ಅದನ್ನು ಬರೆದನೇ ಹೊರತು ಯೋಚಿಸಲಿಲ್ಲ. ಕಾಂತಿಯೂ ಯೋಚಿಸಲಿಲ್ಲ. ಕಳ್ಳ ಸಿಕ್ಕಿದ ಮೇಲೆ ಯೋಚನೆ ಎಂತದಕ್ಕೆ?

ಮಧ್ಯಾಹ್ನ ಇದಿನಬ್ಬನನ್ನು ಜೀಪಿನಿಂದ ಇಳಿಸಿದರು. ಅರುವತ್ತರ ಸಣಕಲು ಆಸಾಮಿ, ಕರಾವಳಿಯ ಬ್ಯಾರಿ ಮುಸಲ್ಮಾನ. ಒಂದು ಕೈಯಲ್ಲಿ ತೂಕದ ಕೊಕ್ಕೆ ಹಿಡಿದೇ ಬಂದಿದ್ದ, ಬಿಡಲು ಮರೆತಿದ್ದ. ಅವನು ಇಳಿಯುವಾಗ ರಸ್ತೆಯಾಚೆಯ ಹೋಟೆಲಿನಿಂದ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಸಂಜೆಯೊಳಗೆ ಅದು ‘ಬಸದಿ ಕಳ್ಳ ಬ್ಯಾರಿ ಸೆರೆ’ ಎಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ತಿರುಗಿತು.

“ಬಿಂಬ ಎಲ್ಲಿ?”

“ಯಾವ ಬಿಂಬ ಮೇಡಂ?”

“ಕೀಲಿಕೈ ಇಡುವ ಜಾಗ ಗೊತ್ತುಂಟಲ್ಲ?”

“ಗೊತ್ತುಂಟು. ಅದು ಕೆಳಗೆ ಬಿದ್ದದ್ದನ್ನು ಎರಡು ಸಲ ನಾನೇ ಹೆಕ್ಕಿ ಮೇಲೆ ಇಟ್ಟಿದ್ದೇನೆ.”

ಮೂರು ಗಂಟೆ ಕಾಲ ಇದೇ ಮಾತು, ಇದೇ ಉತ್ತರ. ಅವನ ಶೆಡ್ಡನ್ನು ತಲೆಕೆಳಗು ಮಾಡಿದರೂ ಹಂಡೆಯ ಹೊರತು ಏನೂ ಸಿಗಲಿಲ್ಲ. ಕೊನೆಗೆ ಇದಿನಬ್ಬ ಒಂದೇ ಮಾತು ಹೇಳಿದ: “ನಾನು ಮನೆಮನೆ ಹೋಗಿ ಜೀವನ ಮಾಡುವವ. ಜನ ಬಾಗಿಲು ತೆಗೀಬೇಕು ಮೇಡಂ. ಕೋರ್ಟಿಗೆ ಹಾಕಿದ್ರೆ ಆಮೇಲೆ ನಾನು ಬಿಡುಗಡೆ ಆಗಿ ಬಂದ್ರೂ ಅಷ್ಟೇ, ಬಾರದಿದ್ರೂ ಅಷ್ಟೇ.”

ಡಿವೈಎಸ್‌ಪಿಯ ಫೋನು ಬಂತು. ಊರಲ್ಲಿ ಜನ ಸೇರುತ್ತಿದ್ದಾರೆ, ನಾಳೆ ಮಧ್ಯಾಹ್ನದೊಳಗೆ ದಸ್ತಗಿರಿ ತೋರಿಸಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಎಂಬ ಆದೇಶ. ಕಾಂತಿ ‘ಸರಿ ಸರ್’ ಎಂದು ಫೋನಿಟ್ಟಾಗ ಆದೀಶ್ ಮೂಲೆಯಿಂದಲೇ ಕೇಳಿದರು: “ದೂರು ಬಂದು ಇದಿನಬ್ಬರ ಹೆಸರು ಹೇಳಿದ್ದೇ ಜೀಪು ಹೊರಟಿತು. ಅದು ಪ್ರಭಾಚಂದ್ರರ ಮನೆಗೆ ಹಾಲು ಕೊಡುವವನ ಹೆಸರಾಗಿದ್ದರೆ?”

“ಹಾಲಿನವ ಜಗಲಿಯಲ್ಲಿ ಕೂತಿರಲಿಲ್ಲ ಸರ್,” ಎಂದಳು ಕಾಂತಿ. ಆದರೆ ಆ ಪ್ರಶ್ನೆ ಊಟ ಮಾಡಲು ಬಿಡಲಿಲ್ಲ. ಹಾಲಿನವನು ದಿನಾ ಅದೇ ಜಗಲಿಯಲ್ಲಿ ಕೂರುತ್ತಾನೆಂದು ಅವಳಿಗೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಅವಳು ಗುರುವಪ್ಪನನ್ನು ಕಟ್ಟಿಕೊಂಡು ಮತ್ತೆ ಬೊಳ್ಳಾಜೆಗೆ ಹೋದಳು.

“ಪ್ರಭಾಚಂದ್ರರೇ, ನಿನ್ನೆ ಎದ್ದ ಮೇಲೆ ಮಾಡಿದ್ದನ್ನೆಲ್ಲ ಹಾಗೆಯೇ ಮಾಡಿ ತೋರಿಸಿ. ಒಂದನ್ನೂ ಬಿಡಬೇಡಿ.”

ಅವರು ಪಕ್ಕಾಸಿಗೆ ಕೈ ಹಾಕಿ ಕೀಲಿಕೈ ತೆಗೆದರು. ಬಾಗಿಲು ತೆರೆಯುವ ಮೊದಲು ಅಂಗಳದ ಬಾವಿಗೆ ಹೋದರು. ಅಭಿಷೇಕದ ನೀರಿಗೆಂದೇ ಇರುವ ಬಾವಿ ಅದು. ಬೇರೆ ಯಾರೂ ಅದರಿಂದ ಸೇದುವುದಿಲ್ಲ. ನಾರಿನ ಹಗ್ಗಕ್ಕೆ ಕೈ ಹಾಕಿದವರು ಹಾಗೆಯೇ ನಿಂತುಬಿಟ್ಟರು.

“ಎಂತ ಆಯ್ತು?”

“ಇವತ್ತು ಒಣಗಿದೆ ಮೇಡಂ. ನಿನ್ನೆ ನಾನು ಮುಟ್ಟುವಾಗಲೇ ಚಂಡಿ ಇತ್ತು. ಗಾಬರಿಯಲ್ಲಿ ಮರೆತೇಬಿಟ್ಟೆ.”

“ಮಂಜಿಗೆ ಒದ್ದೆಯಾಗಿರಬಹುದಲ್ಲ?”

“ಈ ಸೆಖೆಗೆ ಎಲ್ಲಿಯ ಮಂಜು! ನೀರು ಹಿಂಡುವಷ್ಟು ಚಂಡಿ ಇತ್ತು.”

ಗುರುವಪ್ಪ ನಕ್ಕ. “ಕದಿಯಲು ಬಂದವ ಸ್ನಾನ ಮಾಡ್ತಾನಾ ಮಾರಾಯ್ರೇ?”

ಪ್ರಭಾಚಂದ್ರರು ನಗಲಿಲ್ಲ. “ನಮ್ಮಲ್ಲಿ ಬಿಂಬ ಮುಟ್ಟುವುದಾದರೆ ಮೊದಲು ತಲೆಗೆ ನೀರು ಹೊಯ್ಯಲೇಬೇಕು. ಮನೆ ಹತ್ತಿರ ಇದ್ದವರು ಮನೆಯಲ್ಲೇ ಮಿಂದು ಮಡಿಯಲ್ಲಿ ಬರ್ತಾರೆ. ದೂರದಿಂದ ಬಂದವರಿಗೆ ಆ ಮಡಿ ಉಳಿಯುದಿಲ್ಲ, ಇಲ್ಲಿಯೇ ಮೀಯಬೇಕು.” ತಮ್ಮ ಮಾತು ತಮಗೇ ಕೇಳಿಸಿದ ಹಾಗೆ ಅವರು ಬಾವಿಯ ಕಟ್ಟೆಯ ಮೇಲೆ ಕೂತರು.

“ಈ ಬಸದಿಯ ಕುಟುಂಬದವರಲ್ಲಿ ದೂರ ಇರುವವರು ಯಾರು?”

“ಎಲ್ಲ ಇಲ್ಲೇ ಇದ್ದಾರೆ. ಇವತ್ತಿಗೆ ದೂರ ಅಂದರೆ ಒಬ್ಬನೇ. ಅವನಿಗೆ ಅಭಿಷೇಕ ಕಲಿಸಿದವ ನಾನೇ. ಈಗ ದೇವರನ್ನು ನಂಬುದಿಲ್ಲ ಅಂತಾನೆ.”

ಹೆಸರು ಹೇಳುವ ಅಗತ್ಯ ಬೀಳಲಿಲ್ಲ. ನಾರಾವಿ ಪೇಟೆಯ ಅಂಗಡಿಯೊಂದರ ಕ್ಯಾಮೆರಾ ನೋಡಿದರು. ಸೋಮವಾರ ಬೆಳಗಿನ ಜಾವ ಪ್ರೊಫೆಸರರ ಬಿಳಿ ಕಾರು ಬೊಳ್ಳಾಜೆಯ ಕಡೆಗೆ ಹೋಗಿತ್ತು, ಬೆಳಕು ಹರಿಯುವ ಮೊದಲೇ ಹಿಂದೆ ಬಂದಿತ್ತು.

ಅವರು ಠಾಣೆಗೆ ಮರಳಿದಾಗ ಆದೀಶ್ ಎಂದಿನಂತೆ ಮೂಲೆಯ ಕುರ್ಚಿಯಲ್ಲಿದ್ದರು. ಕಾಂತಿ ಒಂದು ಸ್ಟೂಲು ಎಳೆದು ಎದುರಿಗೆ ಕೂತಳು.

“ಸೋಮವಾರ ಬೆಳಗಿನ ಜಾವ ಎಲ್ಲಿದ್ರಿ ಸರ್?”

“ಮೂಡುಬಿದಿರೆಯಲ್ಲಿ. ಮನೆಯಲ್ಲಿ.”

“ನಾರಾವಿಯ ಕ್ಯಾಮೆರಾದಲ್ಲಿ ನಿಮ್ಮ ಕಾರುಂಟು. ಬಸದಿಯ ಬಾವಿಯ ಹಗ್ಗ ಒದ್ದೆ ಇತ್ತು.”

ಆದೀಶ್ ಲ್ಯಾಪ್‌ಟಾಪು ಮುಚ್ಚಿದರು. ಮುಖದಲ್ಲಿ ಭಯಕ್ಕಿಂತ ಬೆರಗೇ ಹೆಚ್ಚಿತ್ತು. “ಹಗ್ಗವಾ?” ಎಂದರು. ಆಮೇಲೆ, “ಬಿಂಬ ನನ್ನ ಕಪಾಟಿನಲ್ಲಿ ಉಂಟು. ಬುಧವಾರ ನಾನೇ ತಂದುಕೊಡುವವನಿದ್ದೆ,” ಎಂದರು.

“ಯಾಕೆ ಮಾಡಿದ್ರಿ?”

“ಇಪ್ಪತ್ತು ವರ್ಷ ಬರೆದೆ ಕಾಂತಿಯವರೇ. ಅಂಕಿ ಅಂಶ, ಗ್ರಾಫು, ಪುಸ್ತಕ. ನಿಮ್ಮ ಅಧಿಕಾರಿಗಳು ಸೆಮಿನಾರಿಗೆ ಬರ್ತಾರೆ, ಚಹಾ ಕುಡೀತಾರೆ, ‘ನಮ್ಮಲ್ಲಿ ಹಾಗಿಲ್ಲ, ಒಂದೇ ಒಂದು ಕೇಸು ತೋರಿಸಿ’ ಅಂತ ಎದ್ದು ಹೋಗ್ತಾರೆ. ತೋರಿಸಬೇಕು ಅನ್ನಿಸಿತು. ಅನುಮಾನಕ್ಕೆ ಆಧಾರವೇ ಇಲ್ಲದ ಒಂದು ಕಳವು ಆದರೆ ನೀವು ಯಾರನ್ನು ತರ್ತೀರಿ ಅಂತ. ನೋಡಿ, ತಂದಿರಿ.”

ಕಾಂತಿಗೆ ಕಪಾಳಕ್ಕೆ ಹೊಡೆದಂತಾಯಿತು. ತಂದದ್ದು ನಿಜ. ಬಂದದ್ದು ಸಿಟ್ಟು, ಅರ್ಧ ಅವರ ಮೇಲೆ, ಅರ್ಧ ತನ್ನ ಮೇಲೆಯೇ.

“ನೀವು ನನ್ನನ್ನು ಹಿಡಿದದ್ದು ಹೇಗೆ?” ಆದೀಶ್ ಕೇಳಿದರು. “ಜೈನರ ಮಗ, ಮಿಂದೇ ಮುಟ್ಟಿರ್ತಾನೆ ಅಂತ. ಅದೂ ಜಾತಿ ನೋಡಿಯೇ ಅಲ್ಲವಾ?”

“ಅಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಆದರೆ ನಿಮ್ಮ ವಿಷಯದಲ್ಲಿ ಹಗ್ಗ ಮೊದಲು ಬಂತು, ನೀವು ಆಮೇಲೆ ಬಂದ್ರಿ. ಅವರ ವಿಷಯದಲ್ಲಿ ಹೆಸರೇ ಮೊದಲು ಬಂತು.” ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದು ಕೇಳಿದಳು: “ಇದಿನಬ್ಬ ಭಾನುವಾರ ಬಸದಿಗೆ ಬರ್ತಾರೆ ಅಂತ ನಿಮಗೆ ಗೊತ್ತಿತ್ತಾ?”

ಪ್ರೊಫೆಸರ್ ಮೊದಲ ಬಾರಿಗೆ ತಲೆ ತಗ್ಗಿಸಿದರು.

ಮೂಡುಬಿದಿರೆಯ ಮನೆಯಲ್ಲಿ ಪಂಚರ ಸಮಕ್ಷಮ ಕಪಾಟು ತೆರೆದರು. ಬಿಂಬ ಹೊಸ ಬಿಳಿ ಬಟ್ಟೆಯ ಮೇಲಿತ್ತು, ಎದುರಿಗೆ ಪೂಜೆಗೆ ಇಡುವ ಹಾಗೆ ಒಂದು ಹಿಡಿ ಅಕ್ಕಿಯಿತ್ತು. ಗುರುವಪ್ಪ ಅಕ್ಕಿಯನ್ನೂ ಪಂಚನಾಮೆಯಲ್ಲಿ ಬರೆದ, ಈ ಸಲ ಏನೂ ಹಾಸ್ಯ ಮಾಡಲಿಲ್ಲ. ಹನ್ನೊಂದೂವರೆಗೆ ಆದೀಶ್‌ರ ದಸ್ತಗಿರಿ ದಾಖಲಾಯಿತು. ದೊಡ್ಡ ಸತ್ಯವೊಂದನ್ನು ಯಾರೂ ನಂಬುತ್ತಿಲ್ಲ ಎಂಬ ಸಂಕಟವೇ ಆ ಮನುಷ್ಯನನ್ನು ಹೀಗೆ ಮಾಡಿಸಿತ್ತು. ಆ ಸತ್ಯ ಸುಳ್ಳಾಗಿರಲಿಲ್ಲ ಎಂಬುದನ್ನೂ ಕಾಂತಿ ತನ್ನ ವರದಿಯಲ್ಲಿ ಬರೆದಳು. ಇದಿನಬ್ಬನನ್ನು ತಂದದ್ದಕ್ಕೆ ತನ್ನ ಹತ್ತಿರ ಆಧಾರವಿರಲಿಲ್ಲ, ತರಿಸಿದ್ದು ತಾನೇ ಎಂದು. ಡಿವೈಎಸ್‌ಪಿ ಏನನ್ನುತ್ತಾರೋ ಅನ್ನಲಿ.

ರಾತ್ರಿಯೆಲ್ಲ ಠಾಣೆಯಲ್ಲೇ ಕೂರಿಸಿದ್ದ ಇದಿನಬ್ಬನಿಗೆ ಅವಳೇ ಎಲ್ಲ ಹೇಳಿದಳು. ‘ತಪ್ಪಾಯ್ತು ಇದಿನಬ್ಬರೇ’ ಎಂದೂ ಹೇಳಿದಳು. ಅವನು ತೂಕದ ಕೊಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡ.

“ಆ ಪ್ರೊಫೆಸರ್ ಸರ್ ನನಗೆ ಗೊತ್ತುಂಟು ಮೇಡಂ,” ಎಂದ. “ಹೋದ ತಿಂಗಳು ವಾಮದಪದವಿಗೆ ಬಂದಿದ್ರು. ಪೊಲೀಸರು ನಿಮ್ಮನ್ನು ಎಷ್ಟು ಸಲ ಸುಮ್ಮನೆ ಹಿಡಿದಿದ್ದಾರೆ ಅಂತ ಕೇಳಿ ಕೇಳಿ ಬರ್ಕೊಂಡ್ರು. ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನೇ ಹೇಳಿದ್ದು, ಯಾವ ದಿನ ಯಾವ ಊರಿಗೆ ಹೋಗ್ತೇನೆ ಅಂತ.” ಕೊಕ್ಕೆ ಎತ್ತಿಕೊಂಡು ಎದ್ದು ನಿಂತ. “ನಿಮಗೆ ಒಬ್ಬ ಕಳ್ಳ ಬೇಕಿತ್ತು. ಅವರಿಗೆ ಕಳ್ಳ ಅಲ್ಲದವ ಒಬ್ಬ ಬೇಕಿತ್ತು. ಇಬ್ಬರಿಗೂ ನಾನೇ ಆದೆ ಅಲ್ವಾ.”

ಜೀಪಿನಲ್ಲಿ ಮನೆಗೆ ಬಿಡುತ್ತೇವೆಂದರೆ ಅವನು ಒಪ್ಪಲಿಲ್ಲ. ಕಾಂತಿ ಅವನ ಜೊತೆಗೆ ಬಸ್ ನಿಲ್ದಾಣದವರೆಗೆ ನಡೆದಳು. ಬಸ್ಸು ಬರುವವರೆಗೆ ಪಕ್ಕದಲ್ಲೇ ನಿಲ್ಲುವ ಮನಸ್ಸಿತ್ತು. ಇವನು ಕಳ್ಳನಲ್ಲ ಎಂದು ನಾಲ್ಕು ಜನ ನೋಡಲಿ ಎಂದು. ಎದುರಿನ ಅಂಗಡಿಯಲ್ಲಿ ಒಂದು ಮೊಬೈಲು ಮೇಲೆದ್ದಿತು, ಆಮೇಲೆ ಇನ್ನೊಂದು.

“ನೀವು ಠಾಣೆಗೆ ಹೋಗಿ ಮೇಡಂ,” ಎಂದ ಇದಿನಬ್ಬ, ಮೆಲ್ಲಗೆ. “ನೀವು ಹತ್ತಿರ ನಿಂತರೆ ಬಸ್ಸಿನವರು ನನ್ನನ್ನು ಹತ್ತಿಸಲಿಕ್ಕಿಲ್ಲ.”

ಕಾಂತಿ ಠಾಣೆಗೆ ತಿರುಗಿ ನಡೆದಳು.