ಅವ್ವನ್ನ ಬಿಟ್ಟು ಬರೂದಿಲ್ಲ

ಹಟ ಹಿಡಿದು ತಾನೇ ಚಹಾ ತಂದ ಹೊನ್ನವ್ವನ ಕೈಯಲ್ಲಿ ಕಪ್ಪು-ಬಸಿಗಳು ಗಡಗಡ ನಡುಗಿದವು. ಮಗಳು ಸುಮಿತ್ರಾ ಓಡಿ ಬರುವಷ್ಟರಲ್ಲಿ ಬಿಸಿ ಚಹಾ, ಹೆಣ್ಣು ನೋಡಲು ಬಂದಿದ್ದ ಬಸಂತರಾಯನ ಮೇಲೆ ಚೆಲ್ಲಿತ್ತು!

ಅವನು ಹೊನ್ನವ್ವನ ಮುಖವನ್ನೇ ನೋಡಿದ. ನಗದ, ರೆಪ್ಪೆ ಬಡಿಯದ ಮುಖ. ಮರುಗಳಿಗೆ ಎದ್ದು ಹೊರಟೇ ಹೋದ.

ಅವನ ಸೋದರತ್ತೆ ಹುಚ್ಚವ್ವ, ಇದು ದೆವ್ವದ ಗಾಳಿಯೋ ಮನೆತನದ ರೋಗವೋ ಎಂದು ಕೇಳಿ ಹಿಂದೆಯೇ ನಡೆದಳು.

ಅದು ೧೯೭೭ರ ಸಿಂದಗಿ. ಸುಮಿತ್ರಾ ಕನ್ನಡ ಸಾಲೆಯಲ್ಲಿ ಕಲಿಸುವ ಅಕ್ಕೋರು. ತಂದೆ ಇರಲಿಲ್ಲ. ಎರಡು ವರ್ಷದಿಂದ ತಾಯಿಗೆ ತಲೆ ಬಾಚುವುದು, ರೊಟ್ಟಿ ಮುರಿದು ಉಣಿಸುವುದು ಎಲ್ಲ ಅವಳೇ. ಊರಿನ ವೈದ್ಯರು ಶಕ್ತಿಯ ಔಷಧ ಕೊಟ್ಟು ಸುಮ್ಮನಾಗಿದ್ದರು.

ಆ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಾಲೆಯಲ್ಲಿದ್ದರೆ ಅವ್ವ ಬಿದ್ದಳೇನೋ ಎಂಬ ದಿಗಿಲು. ಮನೆಯಲ್ಲಿದ್ದರೆ... ಹೇಸಿ ಎದ್ದು ಹೋದವನ ಮುಖ ಯಾಕೆ ನೆನಪಾಗಬೇಕು?

ಮೂರನೆಯ ಭಾನುವಾರ ಅವನೇ ಬಾಗಿಲಲ್ಲಿ ನಿಂತಿದ್ದ.

"ಇನ್ನೂ ಏನರ ಅನ್ನೂದು ಉಳದೈತೇನ್ರಿ?" ಅವಳು ಅಡ್ಡ ನಿಂತು ಕೇಳಿದಳು.

"ನಮ್ಮವ್ವನೂ ಹಿಂಗ ಇದ್ಲರಿ..." ಅವನು ಹೊಸ್ತಿಲ ಹೊರಗೇ ನಿಂತು ಹೇಳಿದ. "ದೆವ್ವ ಬಡದೈತಿ ಅಂತ ಬೇವಿನ ಟೊಂಗಿಲೆ ಹೊಡಿಸಿದ್ವಿ. ಆಕಿ ಕೈ ಗಟ್ಟಿ ಹಿಡದಾವ ನಾನ. ಹಂಗ ಸತ್ಲು. ನಿಮ್ಮವ್ವನ ಮಾರಿ ನೋಡಿ ನನಗ ಕುಂದ್ರಾಕ ಆಗಲಿಲ್ಲ."

ಅವನು ಸೊಲ್ಲಾಪುರಕ್ಕೆ ಹೋಗಿ ನರರೋಗದ ಡಾಕ್ಟರನ್ನು ಕೇಳಿ ಬಂದಿದ್ದ. ಇದು ಪಾರ್ಕಿನ್ಸನ್ ಎಂಬ ನಡುಕದ ರೋಗ ಇರಬಹುದು, ಹೊಸ ಗುಳಿಗೆ ಬಂದಿವೆ, ಆದರೆ ಬಲ್ಲವರು ನೋಡಿಯೇ ಕೊಡಬೇಕು ಎಂದಿದ್ದರಂತೆ.

ಸುಮಿತ್ರಾ ಮೆಲ್ಲಗೆ ಬಾಗಿಲಿನಿಂದ ಸರಿದಳು.

ಮೂವರೂ ಇಂಡಿ ಊರಿನ ಮೇಲೆ ಸೊಲ್ಲಾಪುರಕ್ಕೆ ಹೋಗುವ ಬಸ್ಸು ಹತ್ತಿದರು. ರೋಗ ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದರು. ಗುಳಿಗೆ ಶುರುವಾದಾಗ ಹೊನ್ನವ್ವನಿಗೆ ಬರೀ ವಾಂತಿ. ಸುಮಿತ್ರಾ ಹೆದರಿ ನಿಲ್ಲಿಸಲು ಹೊರಟಳು. ಅವನು ರಜೆ ಹಾಕಿ ಮತ್ತೆ ಕರೆದೊಯ್ದ. ಪ್ರಮಾಣ, ಹೊತ್ತು ಎರಡೂ ಬದಲಾದವು.

ಮೂರನೆಯ ತಿಂಗಳು ಹೊನ್ನವ್ವ ತಾನೇ ರೊಟ್ಟಿ ಮುರಿದಳು.

ಸುಮಿತ್ರಾ ಅಡುಗೆಮನೆಗೆ ಹೋಗಿ ಅತ್ತಳು. ಅವನು ಬಾಗಿಲಲ್ಲೇ ನಿಂತ.

"ನನ್ನ ಕೂಡ ಬಾಳ್ವಿ ಮಾಡ್ತೀರೇನ್ರಿ?"

"ಅವ್ವನ್ನ ಬಿಟ್ಟು ಬರೂದಿಲ್ಲ ನಾ."

"ಬಿಟ್ಟು ಬರ್ರಿ ಅಂದವರ್ಯಾರು? ನಮ್ಮ ನಿಡಗುಂದಿ ಆಫೀಸಿನಿಂದ ಇಲ್ಲಿಗೆ ಬದ್ಲಿ ಕೇಳೇನಿ."

"ಮನಿ ಅಳಿಯ ಅಂತ ಮಂದಿ ನಗ್ತಾರ."

"ನಗಲಿ."

"ದಿನಾ ನಾಕು ಸಲ ಗುಳಿಗಿ, ಹೊತ್ತು ತಪ್ಪಂಗಿಲ್ಲ... ಬ್ಯಾಸರಾದ್ರ?"

"ಬ್ಯಾಸರಾತು ಅಂತ ಹೇಳ್ತೇನಿ. ಹೇಳಿ, ಗುಳಿಗಿ ಕೊಡ್ತೇನಿ."

ಅವಳು ಕಣ್ಣೊರೆಸಿಕೊಂಡಳು. ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು.

"ಹಂಗಾರ... ಇವತ್ತಿನ ಮೂರು ಗಂಟೆ ಗುಳಿಗಿ ನೀವ ಕೊಡ್ರಿ."