ರೋಸಲ್‌ಳ ಎರಡು ಟ್ಯೂಬುಗಳು

ಜುಲೈ 29, ಸೋಮವಾರ, ಬೆಳಿಗ್ಗೆ 9.10. ಐಯೋವಾದ ಹಾರ್ಲನ್ ಫಾಲ್ಸ್ ವಿಶ್ವವಿದ್ಯಾಲಯದ ಪೊಲೀಸ್ ಠಾಣೆಗೆ ಬಂದ ಹುಡುಗಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ರೋಸಲ್ ಬೆನಾವಿಡೆಜ್. ಅಪ್ಪ ಅಮ್ಮ ಇಬ್ಬರೂ ಹಂದಿಮಾಂಸದ ಕಾರ್ಖಾನೆಯ ಕೆಲಸಗಾರರು. ಸಣ್ಣ ಕಾಲೇಜೊಂದರಲ್ಲಿ ಪದವಿ ಓದುತ್ತಿದ್ದವಳು ಬೇಸಿಗೆಯ ಸಂಶೋಧನಾ ತರಬೇತಿಗೆಂದು ಇಲ್ಲಿನ ಆಣ್ವಿಕ ಜೀವವಿಜ್ಞಾನದ ಪ್ರಯೋಗಾಲಯಕ್ಕೆ ಬಂದಿದ್ದಳು.

“ನನ್ನ ಟ್ಯೂಬುಗಳಿಗೆ ಯಾರೋ ಕೈ ಹಾಕಿದಾರೆ, ಮೇಡಂ. ಪ್ರೊಫೆಸರ್ ನೋಡಿದ್ರೆ ನನ್ನನ್ನೇ ಸುಳ್ಳಿ ಅಂತಿದಾರೆ.”

“ಬಿಡಿಸಿ ಹೇಳಮ್ಮ,” ಎಂದರು ಸಾರ್ಜೆಂಟ್ ಮಾರ್ವಾ ಕ್ವಿಗ್ಲಿ.

ಯೀಸ್ಟಿನಿಂದ ಒಂದು ಜೀನ್ ತೆಗೆದುಹಾಕಿದರೆ ಅದು ಹೆಚ್ಚು ಬಿಸಿ ತಾಳುತ್ತದೆ ಎಂದು ರೋಸಲ್ ತೋರಿಸಿಕೊಟ್ಟಿದ್ದಳು. ಕಳೆದ ವಾರ ಪ್ರೊಫೆಸರ್ ಹಾಲ್ವರ್ಸನ್ ಎದುರು ಮತ್ತೆ ಮಾಡಿದಾಗ ಎಲ್ಲ ತಲೆಕೆಳಗಾಯಿತು. ಜೀನ್ ತೆಗೆದದ್ದು ಸತ್ತಿತು, ತೆಗೆಯದ್ದು ಬದುಕಿತು. ಮೊದಲಿನದೆಲ್ಲ ಕಟ್ಟುಕತೆ, ತರಬೇತಿಯ ಕೊನೆಗೆ ಈ ಶನಿವಾರ ನಡೆಯುವ ಪ್ರದರ್ಶನಕ್ಕೆ ನಿಲ್ಲದೆ ಊರಿಗೆ ಹೊರಡು ಎಂದರು ಪ್ರೊಫೆಸರ್. ಮೋಸಗಾತಿ ಎಂಬ ಹೆಸರು ಹೊತ್ತವಳಿಗೆ ಮುಂದೆ ಯಾವ ಪ್ರಯೋಗಾಲಯವೂ ಬಾಗಿಲು ತೆರೆಯುವುದಿಲ್ಲ.

“ಮತ್ತೆ ಯಾಕೆ ಹೊರಡ್ಲಿಲ್ಲ?”

“ನಾನ್ಯಾಕೆ ಹೋಗ್ಲಿ? ಮೋಸ ಮಾಡಿದೋರು ಹೋಗ್ಲಿ.”

ಕ್ವಿಗ್ಲಿಗೆ ಈ ಉತ್ತರ ಹಿಡಿಸಿತು. ದೂರು ದಾಖಲಾಯಿತು.

10.30ಕ್ಕೆ ಸ್ಥಳ ಮಹಜರು. ಜೊತೆಗೆ ಕಾನ್‌ಸ್ಟೇಬಲ್ ಟೆಡ್ ಹಾಸ್. ರೋಸಲ್ ಶೀತಲ ಪೆಟ್ಟಿಗೆ ತೆರೆದಳು. ಯೀಸ್ಟ್ ಕರಗಬಾರದೆಂದು ಟ್ಯೂಬನ್ನು ಮೇಲೆತ್ತದೆ, ಇದ್ದಲ್ಲೇ ಮುಚ್ಚಳ ತಿರುಗಿಸಿ ಒಂದಿಷ್ಟು ಕೆರೆದುಕೊಳ್ಳುವುದು ಅಲ್ಲಿನ ರೂಢಿ. ಹಾಗಾಗಿ ಎಲ್ಲರಿಗೂ ಕಾಣುವುದು ಮುಚ್ಚಳದ ಮೇಲಿನ ಗುರುತು ಮಾತ್ರ.

“ಪೂರ್ತಿ ಎತ್ತಮ್ಮ,” ಎಂದರು ಕ್ವಿಗ್ಲಿ.

ಹಾಸ್ ಹೆಬ್ಬೆರಳಿನಿಂದ ಹಿಮ ಒರೆಸಿದ. ಬದಿಯಲ್ಲೂ ರೋಸಲ್‌ಳ ಅಕ್ಷರವಿತ್ತು. ಮುಚ್ಚಳದ ಮೇಲೆ ‘ಜೀನ್ ಇಲ್ಲ’, ಬದಿಯಲ್ಲಿ ‘ಜೀನ್ ಇದೆ’. ಪಕ್ಕದ ಟ್ಯೂಬಿನಲ್ಲಿ ಅದರ ಉಲ್ಟಾ. ಅಷ್ಟು ಹೊತ್ತು ಧೈರ್ಯವಾಗಿ ನಿಂತಿದ್ದ ಹುಡುಗಿ ಆಗ ಅತ್ತಳು.

“ಎರಡೂ ಕಡೆ ಬರೆಯೋಕೆ ಯಾರು ಹೇಳ್ಕೊಟ್ರು?”

“ನೀಲ್ಸ್. ಮೊದಲನೇ ದಿನಾನೇ.”

ನೀಲ್ಸ್ ಓಸ್ಟರ್‌ಮನ್ ಅವಳಿಗೆ ಕೆಲಸ ಕಲಿಸುತ್ತಿದ್ದ ಪಿಎಚ್‌ಡಿ ವಿದ್ಯಾರ್ಥಿ. ಅವನಿಗದು ಆರನೇ ವರ್ಷ.

“ಮುಚ್ಚಳ ಅದಲು ಬದಲು ಮಾಡಿದ್ರೆ ಸಾಕು ಅಂದ್ಕೊಂಡೋನಿಗೆ ಬದಿ ನೋಡೋ ಅಭ್ಯಾಸಾನೇ ಇಲ್ಲ,” ಎಂದ ಹಾಸ್.

ಪ್ರಯೋಗಾಲಯದ ಎಲ್ಲರ ಪೆಟ್ಟಿಗೆಗಳನ್ನೂ ತೆಗೆಸಿದರು. ಒಬ್ಬನ ಟ್ಯೂಬುಗಳ ಬದಿ ಮಾತ್ರ ಖಾಲಿ. ಅವು ನೀಲ್ಸ್‌ನವು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮಧ್ಯಾಹ್ನ 2.15ಕ್ಕೆ ವಿಚಾರಣೆ.

“ರೋಸಲ್ ಸಾಮಾನಿಗೆ ಯಾರೋ ಕೈ ಹಾಕಿದಾರೆ. ನಿಂಗೇನಾದ್ರೂ ಗೊತ್ತಾ?”

“ನಾನ್ಯಾವ ಮುಚ್ಚಳಾನೂ ಬದಲಾಯಿಸಿಲ್ಲ.”

“ಮುಚ್ಚಳದ ಮಾತು ನಾನು ಎತ್ತೇ ಇಲ್ವಲ್ಲಪ್ಪ.”

ವಕೀಲರು ಬರುವವರೆಗೆ ಮಾತಾಡುವುದಿಲ್ಲ ಎಂದ ನೀಲ್ಸ್.

ಸರಿಯಾದ ಟ್ಯೂಬುಗಳಿಂದ ಪ್ರಯೋಗ ಮತ್ತೆ ನಡೆಯಿತು. ಶುಕ್ರವಾರ ಬೆಳಿಗ್ಗೆ, ಬಿಸಿಯಲ್ಲಿ ಬೆಳೆಯಲಿಟ್ಟಿದ್ದ ತಟ್ಟೆ ತೆರೆದರೆ ಜೀನ್ ತೆಗೆದ ಯೀಸ್ಟ್ ದಟ್ಟವಾಗಿ ಬೆಳೆದಿತ್ತು. ಕ್ವಿಗ್ಲಿಗೆ ಜೀವವಿಜ್ಞಾನದ ಗಂಧಗಾಳಿ ಇಲ್ಲ, ಆದರೂ ಹೆತ್ತ ಮಗಳು ಗೆದ್ದಷ್ಟು ಹೆಮ್ಮೆಯಾಯಿತು.

“ತಪ್ಪಾಯ್ತಮ್ಮ,” ಎಂದರು ಹಾಲ್ವರ್ಸನ್.

“ಈ ಮಾತು ನಾಳೆ ಎಲ್ಲರ ಎದುರು ಹೇಳಿ, ಸರ್. ನಮ್ಮಪ್ಪ ಅಮ್ಮಾನೂ ಬರ್ತಾರೆ.”

11.40ಕ್ಕೆ ನೀಲ್ಸ್‌ನ ಬಂಧನವಾಯಿತು. ಜೀಪು ಹೊರಟ ಮೇಲೆ, ಯಾರೂ ಕೇಳದೆಯೇ ಅವನು ಬಾಯಿ ಬಿಟ್ಟ.

“ಆ ಜೀನ್ ತೆಗೆಯೋಕೆ ನಾಲ್ಕು ವರ್ಷ ಒದ್ದಾಡ್ದೆ. ಅವಳು ಒಂದು ಬೇಸಿಗೆಲಿ ಮುಗಿಸಿದ್ಲು. ನೋಡೋಕಾಗ್ಲಿಲ್ಲ. ಬದಿಲೂ ಬರೀರಿ ಅಂತ ಪ್ರತಿ ಬೇಸಿಗೆ ತರಬೇತಿಗೆ ಬಂದೋರಿಗೆಲ್ಲ ಹೇಳ್ತಿದ್ದೆ. ಒಬ್ರೂ ಕೇಳಿರ್ಲಿಲ್ಲ, ಇವಳೂ ಕೇಳಿರಲ್ಲ ಅಂದ್ಕೊಂಡೆ. ತಟ್ಟೇಲಿ ಏನು ಬಂತು?”

“ಅವಳು ಹೇಳಿದ್ದೇ ಬಂತು,” ಎಂದರು ಪಕ್ಕದಲ್ಲಿದ್ದ ಕ್ವಿಗ್ಲಿ.

ಕೋಳ ಹಾಕಿಸಿಕೊಂಡಿದ್ದವನು ನೆಟ್ಟಗೆ ಕೂತ.

“ಬರ್ದೇ ಬರುತ್ತಾ? ನನ್ನ ಹತ್ರ ಕಲ್ತೋಳು.”

ಆ ಮಾತನ್ನೂ ಕ್ವಿಗ್ಲಿ ಅವನ ಹೇಳಿಕೆಗೆ ಸೇರಿಸಿದರು.