ಮೂರು ಒಳ್ಳೆಯವು, ಮೂರು ಕೆಟ್ಟವು

ಹೋದ ವರ್ಷ ಆ ಭಾನುವಾರ ಬೆಳಿಗ್ಗೆ ಮೂವತ್ತು ಜನ ಒಟ್ಟಿಗೆ ನಕ್ಕಿದ್ದು ಇನ್ನೂ ಅವನ ಕಿವಿಯಲ್ಲಿತ್ತು. ನಗಿಸಿದವನು ಭಾವ. ನಕ್ಕವರಲ್ಲಿ ಸ್ವಂತ ಅಕ್ಕನೂ ಇದ್ದಳು. ಉಳಿದವರನ್ನು ಹೇಗೋ ಕ್ಷಮಿಸಿಬಿಡಬಹುದಿತ್ತು, ಅಕ್ಕ ನಕ್ಕಿದ್ದನ್ನು ಮಾತ್ರ ನುಂಗಿಕೊಳ್ಳಲು ಆಗಲಿಲ್ಲ. ಎದುರಿಗೆ ‘ಭಾವ, ನೀವು’ ಎನ್ನುತ್ತಿದ್ದರೂ ಮನಸ್ಸಿನಲ್ಲಿ ಬಹುವಚನ ಕೊಡುವುದನ್ನು ಅವನು ಅವತ್ತೇ ನಿಲ್ಲಿಸಿದ್ದ.

ಪೀಠೋಪಕರಣದ ಅಂಗಡಿಯ ಮಹಡಿಯ ಮೇಲಿನ ಹಾಲಿನಲ್ಲಿ ಅವರ ಕ್ಲಬ್ಬು. ವರ್ಷಕ್ಕೊಮ್ಮೆ ಒಂದು ಶನಿವಾರ ಪೋಕರ್ ಟೂರ್ನಮೆಂಟು. ದುಡ್ಡಿನ ಮಾತೇ ಇಲ್ಲ. ಗೆದ್ದವನಿಗೆ ಒಂದು ಕಪ್ಪು, ಫೈನಲ್ಲಿನಲ್ಲಿ ಆಡಿದ ಎರಡು ಕಟ್ಟು ಇಸ್ಪೀಟ್ ಎಲೆ, ಮತ್ತು ಮಾರನೆಯ ದಿನದ ಮಾತು. ಆ ಮಾತು ಕ್ಲಬ್ಬಿನ ಕಾರ್ಯದರ್ಶಿ ಲೆಕ್ಕದ ಮೇಷ್ಟ್ರು ಹಾಕಿಕೊಟ್ಟ ಪದ್ಧತಿ. ಗೆದ್ದವನು ಎಲ್ಲರೆದುರು ನಿಂತು ಆ ಟೂರ್ನಮೆಂಟಿನಲ್ಲಿ ತಾನು ಮಾಡಿದ ಮೂರು ಒಳ್ಳೆಯ ನಿರ್ಧಾರ, ಮೂರು ಕೆಟ್ಟ ನಿರ್ಧಾರಗಳನ್ನು ಬಿಡಿಸಿ ಹೇಳಬೇಕು. ಮನೆಯವರೆಲ್ಲ ಬಂದು ಕೂರುತ್ತಾರೆ, ಕಾಫಿ ಇರುತ್ತದೆ. ಕಪ್ಪಿಗಿಂತ ಜನ ಕಾಯುವುದು ಇದಕ್ಕೇ.

ಹೋದ ವರ್ಷ ಫೈನಲ್ಲಿನಲ್ಲಿ ಅವನನ್ನು ಸೋಲಿಸಿ ಎದ್ದು ನಿಂತ ಭಾವ ಕೆಮ್ಮಿ ಗಂಟಲು ಸರಿಮಾಡಿಕೊಂಡಿದ್ದ. “ನನ್ನ ಒಳ್ಳೇ ನಿರ್ಧಾರದಲ್ಲಿ ಮೊದಲನೇದು ಏನಪ್ಪಾ ಅಂದ್ರೆ, ಮರಿ ಎದುರಿಗೆ ಕೂತಿದ್ದು. ಅವನು ಕನ್ನಡಕದ ಅಂಗಡಿ ಇಟ್ಕೊಂಡಿದಾನೆ ನೋಡಿ, ಕೈಲಿ ಏನೂ ಇಲ್ದೆ ಜೋರು ಮಾಡ್ಬೇಕಾದ್ರೆ ಕನ್ನಡಕ ತೆಗ್ದು ಒರೆಸ್ತಾನೆ. ಪಾಪ, ಎದುರಿಗಿರೋರಿಗೆ ಚೆನ್ನಾಗಿ ಕಾಣ್ಲಿ ಅಂತ!”

ನಲವತ್ತಮೂರು ವರ್ಷದವನನ್ನು ಎಲ್ಲರೆದುರು ‘ಮರಿ’ ಎನ್ನುವುದು ಬೇರೆ. ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನೂ ಹಲ್ಲು ಕಿರಿದ, ಇನ್ನೇನು ಮಾಡಲಿಕ್ಕಾಗುತ್ತದೆ. ಆಮೇಲೆ ಒಂದು ತಿಂಗಳು ಅಂಗಡಿಗೆ ಬಂದ ಗಿರಾಕಿಗಳೆಲ್ಲ ಅವನು ಕನ್ನಡಕ ಒರೆಸಿ ಕೊಟ್ಟರೆ ಸಾಕು, “ಏನು, ಕೈಲಿ ಏನೂ ಇಲ್ವಾ?” ಎಂದು ಕಿಸಕ್ಕೆನ್ನುತ್ತಿದ್ದರು. ಒರೆಸುವುದು ಅವನ ಕಸುಬು ಕಣ್ರಯ್ಯ!

ಭಾವನದು ಡ್ರೈವಿಂಗ್ ಸ್ಕೂಲು. ಇಪ್ಪತ್ತು ವರ್ಷ ಕಲಿಯುವವರ ಪಕ್ಕದಲ್ಲಿ, ಕಾಲಡಿ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂತ ಆಸಾಮಿ. ಮೇಜಿನ ಮುಂದೆಯೂ ಹಾಗೆಯೇ ಕೂರುತ್ತಾನೆ, ಎದುರಿನವನು ಎಲ್ಲಿ ತಪ್ಪು ಮಾಡುತ್ತಾನೋ ಎಂದು ಕಾಯುತ್ತಾ. ಆ ಮುಖಕ್ಕೆ ಒಂದೇ ಒಂದು ಸಲ ಮಣ್ಣು ಮುಕ್ಕಿಸಬೇಕು. ಅದೇ ಹಾಲಿನಲ್ಲಿ, ಅದೇ ಮೂವತ್ತು ಜನರ ಎದುರು, ಅಕ್ಕ ನೋಡುತ್ತಿರುವಂತೆಯೇ ಮುಕ್ಕಿಸಬೇಕು. ಅದಕ್ಕೆ ಅವನು ಗೆಲ್ಲಲೇಬೇಕಿತ್ತು.

ಫೈನಲ್ಲಿನವರೆಗೆ ಬರುವುದು ಅವನಿಗೆ ಕಷ್ಟವಲ್ಲ, ಆಟ ಚೆನ್ನಾಗಿಯೇ ಬರುತ್ತಿತ್ತು. ಕಷ್ಟ ಭಾವನೊಬ್ಬನೇ. ಹಾಗಾಗಿ ಇಡೀ ಯೋಜನೆ ಒಂದೇ ಒಂದು ಕಟ್ಟು ಎಲೆಯ ಮೇಲೆ ನಿಂತಿತು. ಫೈನಲ್ಲಿಗೆ ಮೇಷ್ಟ್ರು ಎರಡು ಹೊಸ ಕಟ್ಟು ತೆಗೆದಿಡುತ್ತಾರೆ, ಒಂದು ಕೆಂಪು, ಒಂದು ನೀಲಿ, ಎರಡೂ ಸೀಲಾದವು. ಒಂದರಲ್ಲಿ ಹಂಚುವಾಗ ಇನ್ನೊಂದನ್ನು ಕಲಸುತ್ತಾರೆ. ಅವನಿಗೆ ಕೆಂಪು ಸಾಕು. ನೀಲಿಯಲ್ಲಿ ನಿಯತ್ತಾಗಿ ಆಡಿ ಅಷ್ಟಿಷ್ಟು ಸೋತರೆ ಯಾರಿಗೂ ಅನುಮಾನ ಬರುವುದಿಲ್ಲ.

ಮಿಕ್ಕಿದ್ದೆಲ್ಲ ಅವನ ಕಸುಬಿನಲ್ಲೇ ಇತ್ತು. ಫ್ರೇಮು ಬಗ್ಗಿಸುವ ಬಿಸಿಗಾಳಿ ಯಂತ್ರವನ್ನು ಸಣ್ಣಗೆ ಇಟ್ಟು, ತಾನು ಕೊಂಡು ತಂದ ಅಂಥದೇ ಕೆಂಪು ಕಟ್ಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಅಂಟು ಸಡಿಲಿಸಿದ. ಲೆನ್ಸಿಗೆ ಬಣ್ಣ ಹಾಕುವ ದ್ರಾವಣದಲ್ಲಿ ಹಸಿರನ್ನು ಇಲ್ಲವೇ ಇಲ್ಲವೆನ್ನುವಷ್ಟು ತಿಳಿಮಾಡಿ, ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಈ ಇಪ್ಪತ್ತು ಎಲೆಗಳ ಬೆನ್ನಿಗೆ ಕೂದಲಿನಷ್ಟು ಸಣ್ಣ ಚುಕ್ಕೆಗಳನ್ನಿಟ್ಟು, ಹೊದಿಕೆಯನ್ನು ಮೊದಲಿನಂತೆಯೇ ಅಂಟಿಸಿದ. ಚುಕ್ಕೆ ಎಷ್ಟು, ಯಾವ ಮೂಲೆಯಲ್ಲಿ ಎನ್ನುವುದರ ಮೇಲೆ ಅದು ಇಸ್ಪೀಟ್ ರಾಜನೋ ಆಟಿನ್ ಗುಲಾಮನೋ ತಿಳಿಯುತ್ತದೆ. ಬರಿಗಣ್ಣಿಗೆ ಏನೂ ಇಲ್ಲ. ಕೆಂಪು ಗಾಜಿನಲ್ಲಿ ನೋಡಿದರೆ ಬೆನ್ನಿನ ಕೆಂಪು ಬಳ್ಳಿಚಿತ್ರ ಅಳಿಸಿಹೋಗಿ ಚುಕ್ಕೆಗಳು ಮಾತ್ರ ಕಪ್ಪಗೆ ಏಳುತ್ತವೆ. ಆ ಗಾಜನ್ನು ತಾನೇ ಉಜ್ಜಿದ. ಹೊರಗಿನಿಂದ ಕಂದು ಕಾಣುವಂತೆ ಮೇಲೊಂದು ಲೇಪ ಹಚ್ಚಿದ.

ಕಂದು ಕನ್ನಡಕ ಹಾಕಲು ಶುರುಮಾಡಿದ್ದು ಟೂರ್ನಮೆಂಟಿಗೆ ಆರು ತಿಂಗಳ ಮುಂಚೆ. ಅರೆತಲೆನೋವು, ಬೆಳಕು ಚುಚ್ಚುತ್ತದೆ ಎಂದ. ಭಾವ ಒಂದು ವಾರ “ಏನ್ ಹೀರೋ!” ಎಂದು ಕಾಡಿ ಆಮೇಲೆ ಮರೆತ. ಮೇಷ್ಟ್ರಿಗೆ ಹೊಸ ಕನ್ನಡಕ ಕೊಡುವ ನೆಪದಲ್ಲಿ ಕ್ಲಬ್ಬಿಗೆ ಹೋಗಿ, ಅವರು ಅದನ್ನು ಹಾಕಿಕೊಂಡು ಕಿಟಕಿಯ ಹತ್ತಿರ ಪೇಪರು ಓದಿ ನೋಡುತ್ತಿದ್ದಾಗ ಬೀರುವಿನಲ್ಲಿದ್ದ ಕೆಂಪು ಕಟ್ಟನ್ನು ಬದಲಿಸಿದ.

“ಸಣ್ಣಕ್ಷರ ಕೂಡ ಎಷ್ಟು ಸ್ಪಷ್ಟ ಕಾಣ್ತಿದೆಯಪ್ಪಾ!” ಎಂದರು ಮೇಷ್ಟ್ರು.

“ನೀವು ನೋಡ್ಬೇಕಾದ್ದೆಲ್ಲ ಕಾಣುತ್ತೆ ಸರ್,” ಎಂದ. ಮೆಟ್ಟಿಲಿಳಿಯುವಾಗ ಆ ಮಾತಿಗೆ ತಾನೇ ನಕ್ಕ.

ಶನಿವಾರ ಹತ್ತಕ್ಕೆ ಆಟ ಶುರುವಾಯಿತು. ಒಂಬತ್ತು ತಾಸಿನ ಆಟದಲ್ಲಿ ಮೊದಲ ಏಳೂವರೆ ತಾಸು ಅವನು ಶುದ್ಧ ತಲೆಯಿಂದಲೇ ಆಡಿದ. ಹಾಗೆ ಆಡಿದ್ದು ತನಗೇ ಹಿಡಿಸಿತು. ಔಷಧಿ ಅಂಗಡಿಯವನು ಪಣದ ಬಿಲ್ಲೆಗಳ ಗುಡ್ಡವನ್ನೇ ತಳ್ಳಿದಾಗ ಎರಡು ಹತ್ತು ಕೈಯಲ್ಲಿದ್ದರೂ ಎಸೆದು ಸುಮ್ಮನಾದ, ಆಮೇಲೆ ಅಂಗಡಿಯವನು ಎಲ್ಲರೆದುರು ಬಿಚ್ಚಿ ತೋರಿಸಿದ್ದು ಎಕ್ಕದ ಜೋಡಿ. ಅದೊಂದು ಒಳ್ಳೆಯ ನಿರ್ಧಾರ. ಊಟದ ಹೊತ್ತಿಗೆ ಅವನ ಮುಂದಿನ ಬಿಲ್ಲೆಗಳು ಎರಡರಷ್ಟಾಗಿದ್ದವು. ಮೂರು ಗಂಟೆಯ ಸುಮಾರಿಗೆ ಬರಲಾರದ ಒಂದು ಎಂಟಕ್ಕೆ ಕಾದು ಕಾದು ಮೂರರಲ್ಲೊಂದು ಪಾಲು ಕಳೆದುಕೊಂಡ. ಅದು ಕೆಟ್ಟದ್ದು. ಎರಡನ್ನೂ ನೆನಪಿಟ್ಟುಕೊಂಡ, ನಾಳೆಗೆ ಬೇಕಾಗುತ್ತದೆ.

ಐದೂವರೆಗೆ ಉಳಿದದ್ದು ಇಬ್ಬರೇ. ಎದುರಿಗೆ ಭಾವ, ಪಕ್ಕದಲ್ಲಿ ಹಂಚಲು ಕೂತ ಬ್ಯಾಂಕಿನ ಕ್ಯಾಷಿಯರಮ್ಮ. ಕೆಂಪು ಕಟ್ಟಿನಲ್ಲಿ ಹಂಚಿದ ಮೊದಲ ಕೈಯಲ್ಲೇ ಭಾವನ ಎಲೆಗಳು ಅವನಿಗೆ ತೆರೆದಿಟ್ಟ ಪುಸ್ತಕದಂತೆ ಕಂಡವು. ಆಗ ಒಂದು ಕ್ಷಣ ಮನಸ್ಸು ಅಳುಕಿತು. ಇಲ್ಲಿಯವರೆಗೆ ಸ್ವಂತ ಬಲದಿಂದ ಬಂದಾಗಿದೆ, ಇನ್ನು ಸ್ವಲ್ಪವೂ ಹಾಗೆಯೇ ಹೋಗಬಹುದೇನೋ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದ.

“ಏನ್ ಮರಿ, ಒರೆಸೋ ಟೈಮ್ ಬಂತಾ?” ಎಂದ ಭಾವ. ಹಿಂದೆ ನಿಂತವರು ಕಿಸಕ್ಕೆಂದರು.

ಕನ್ನಡಕವನ್ನು ಬೇಕೆಂದೇ ನಿಧಾನವಾಗಿ ಒರೆಸಿ ಹಾಕಿಕೊಂಡ. ಆಮೇಲೆ ಅಳುಕಲಿಲ್ಲ.

ನೀಲಿಯಲ್ಲಿ ಸೋತ, ಕೆಂಪಿನಲ್ಲಿ ಗೆದ್ದ. ಕೆಂಪಿನಲ್ಲೂ ಆಗೊಂದು ಈಗೊಂದು ಬೇಕೆಂದೇ ಬಿಟ್ಟುಕೊಟ್ಟ. ಒಳ್ಳೆಯ ಎಲೆ ಬಂದಾಗೆಲ್ಲ ಕನ್ನಡಕ ಒರೆಸಿದ. ಭಾವ ನಂಬಿ ಬಂದು ಎರಡು ಸಲ ಗುಂಡಿಗೆ ಬಿದ್ದ. ಮೂರನೆಯ ಸಲ ಭಾವನ ಹುಬ್ಬು ಗಂಟಿಕ್ಕಿದ್ದು ನೋಡಿ ಅವನಿಗೆ ಬಿಸಿ ಕಾಫಿ ಕುಡಿದಷ್ಟು ಹಿತವಾಯಿತು.

ಕೊನೆಗೆ ಆ ಕೈ ಬಂತು. ಅವನಿಗೆ ಬಂದದ್ದು ಕಳಾವರ್ ಒಂಬತ್ತು, ಡೈಮನ್ ಎರಡು. ಶುದ್ಧ ಕಸ. ಭಾವನಿಗೆ ಬಂದದ್ದು ಎರಡು ರಾಣಿ, ಒಂದು ಕಳಾವರ್, ಒಂದು ಡೈಮನ್. ಮಧ್ಯದಲ್ಲಿ ಇಬ್ಬರಿಗೂ ಸೇರಿದ ಮೂರು ಎಲೆ ಬಿಚ್ಚಿದರು: ಆಟಿನ್ ಎಕ್ಕ, ಇಸ್ಪೀಟ್ ರಾಜ, ಇಸ್ಪೀಟ್ ಏಳು. ರಾಣಿ ಜೋಡಿ ಹಿಡಿದವನಿಗೆ ಆ ಎಕ್ಕ ಮತ್ತು ರಾಜ ಎದೆಯ ಮೇಲೆ ಕೂತ ಹಾಗೆ, ಎದುರಿನವನ ಹತ್ತಿರ ಅವುಗಳಲ್ಲಿ ಯಾವುದೊಂದರ ಜೋಡು ಇದ್ದರೂ ಮುಗಿಯಿತು. ಅವನು ಕನ್ನಡಕ ಮುಟ್ಟಲಿಲ್ಲ. ಎರಡೂ ಕೈಯಿಂದ ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದ.

ಭಾವ ನಾಲ್ಕು ನಿಮಿಷ ಯೋಚಿಸಿದ. ಎಲೆಗಳ ಮೂಲೆ ಎತ್ತಿ ಮತ್ತೆ ಮತ್ತೆ ನೋಡಿದ. ಕೊನೆಗೆ ತುಟಿ ಕಚ್ಚಿ, ಆ ಕೈ ಬಿಟ್ಟುಕೊಟ್ಟು, ಅವನ್ನು ಕ್ಯಾಷಿಯರಮ್ಮನ ಕಡೆಗೆ ತಳ್ಳಿಬಿಟ್ಟ. ಆಗ ಅವನು ತನ್ನ ಒಂಬತ್ತು, ಎರಡನ್ನು ಮೇಜಿನ ಮೇಲೆ ಫಟಾರನೆ ಬಿಚ್ಚಿ ಇಟ್ಟ. ಹಾಲು ಹೋ ಎಂದಿತು. ಭಾವನ ಕಿವಿ ಕೆಂಪಗಾದವು. ಮುಂದಿನ ಮೂರು ಕೈಯಲ್ಲಿ ಆಟ ಮುಗಿದೇಹೋಯಿತು.

ಕಪ್ಪು ಹಿಡಿದು ಅವನು ನೇರ ಅಂಗಡಿಗೆ ಬಂದ. ಗೆದ್ದವನ ಹಕ್ಕಾಗಿ ಸಿಕ್ಕ ಕೆಂಪು ಕಟ್ಟನ್ನು ಕತ್ತರಿಯಿಂದ ಎಳೆ ಎಳೆ ಮಾಡಿ ತಗಡಿನ ಡಬ್ಬಿಯಲ್ಲಿ ಸುಟ್ಟ. ಬೇರೆ ಕೆಂಪು ಕಟ್ಟೊಂದನ್ನು ಬಿಚ್ಚಿ, ಕೈಯಲ್ಲಿ ಆಡಿಸಿ ಹಳತು ಮಾಡಿ ಕಪ್ಪಿನ ಪಕ್ಕ ಇಟ್ಟ. ಗಾಜುಗಳನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ ನೀರಿನೊಂದಿಗೆ ಬಚ್ಚಲಿಗೆ ಬಿಟ್ಟ. ಅದೇ ಫ್ರೇಮಿಗೆ ಸಾದಾ ಕಂದು ಗಾಜು ಕೂರಿಸಿದ. ಹಸಿರು ದ್ರಾವಣದ ಲೋಟ ಮೂರು ಸಲ ತೊಳೆದ. ಇನ್ನು ಯಾರಪ್ಪ ಬಂದು ತಡಕಾಡಿದರೂ ಸಿಗುವುದು ಏನೂ ಇರಲಿಲ್ಲ. ಆಮೇಲೆ ಕನ್ನಡಿಯ ಮುಂದೆ ನಿಂತು ನಾಳೆಯ ಮಾತನ್ನು ಅಭ್ಯಾಸ ಮಾಡಿದ. ಒಂಬತ್ತು ಮತ್ತು ಎರಡರ ಕೈಯನ್ನು ಕೊನೆಗೆ ಇಟ್ಟುಕೊಂಡ. ಅದಕ್ಕೆ ಕೊಡಬೇಕಾದ ಕಾರಣವನ್ನೂ ಗಟ್ಟಿಮಾಡಿಕೊಂಡ: ಹೆದರಿದಾಗ ಭಾವ ಎಲೆಯ ಮೂಲೆಯನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಾನೆ. ಮೂವತ್ತು ಜನ ಅದನ್ನು ಕಣ್ಣಾರೆ ಕಂಡಿದ್ದಾರೆ, ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಭಾನುವಾರ ಹಾಲು ಜನರಿಂದ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿ ಭಾವನ ಪಕ್ಕ ಕೂತಿದ್ದಳು. ಮೇಷ್ಟ್ರು ಮೇಜಿನ ಮೇಲೆ ಒಂದು ಹಳೆಯ ಕಟ್ಟು ಇಟ್ಟರು. ಪ್ರತಿಯೊಂದು ಕೈಯನ್ನೂ ಎಲೆ ಜೋಡಿಸಿ ತೋರಿಸಿಯೇ ಹೇಳಬೇಕು. ಕೆಟ್ಟ ನಿರ್ಧಾರಗಳನ್ನು ಅವನು ಮೊದಲು ಮುಗಿಸಿದ, ತನ್ನನ್ನೇ ಹಾಸ್ಯ ಮಾಡಿಕೊಂಡು. ಜನ ಮೆಚ್ಚಿ ತಲೆದೂಗಿದರು. ಔಷಧಿ ಅಂಗಡಿಯವನ ಎಕ್ಕಗಳಿಗೆ ಚಪ್ಪಾಳೆ ಬಿತ್ತು. ಎರಡನೆಯದಕ್ಕೂ ಬಿತ್ತು. ಗಂಟಲಲ್ಲಿ ವರ್ಷದ ಸಿಟ್ಟು ಬೆಲ್ಲದ ಹಾಗೆ ಕರಗುತ್ತಿತ್ತು.

“ಕೊನೇದು ನಮ್ಮ ಭಾವನವರದ್ದು,” ಎಂದ. “ಗಾಡಿ ಕಲಿಸೋರು ನೋಡಿ, ಎಲ್ಲಿ ಬ್ರೇಕ್ ಹಾಕ್ಬಾರ್ದೋ ಅಲ್ಲೇ ಹಾಕಿದ್ರು!”

ನಗೆ ಎದ್ದಿತು. ಅಕ್ಕನೂ ನಕ್ಕಳು! ಅವನು ಎಲೆಗಳನ್ನು ಬೇಗ ಬೇಗ ಹುಡುಕಿ ಜೋಡಿಸಿದ. ತನ್ನ ಒಂಬತ್ತು, ಎರಡು. ಮಧ್ಯಕ್ಕೆ ಎಕ್ಕ, ರಾಜ, ಏಳು. ಆಚೆ ಬದಿಗೆ ಎರಡು ರಾಣಿ. “ಇಂಥಾ ಎಲೆ ಕೈಲಿಟ್ಕೊಂಡು, ಈ ಕಸಕ್ಕೆ ಹೆದರಿ ಬಾಲ ಮುದುರ್ಕೊಂಡು ಓಡೋದಾ ಭಾವ? ಕನ್ನಡಕ ಬೇಕಿತ್ತಾ? ಹೇಳಿದ್ರೆ ಒಂದು ಮಾಡ್ಕೊಡ್ತಿದ್ದೆ!”

ಹಿಂದಿನ ಸಾಲುಗಳು ನಕ್ಕವು. ಭಾವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಎದ್ದು ಬಂದು ಮೇಜಿನ ಮೇಲೆ ಬಗ್ಗಿ ಆ ಎರಡು ಎಲೆಗಳನ್ನು ನೋಡುತ್ತ ನಿಂತ.

“ಏನ್ರೀ, ರಾಣಿ ಜೋಡಿ ಇತ್ತಾ ನಿಮ್ಮತ್ರ?” ಅಕ್ಕ ಕೂತಲ್ಲಿಂದಲೇ ಕೇಳಿದಳು. “ನಂಗೆ ಏನೂ ಇರ್ಲಿಲ್ಲ ಅಂದ್ರಲ್ಲ?”

“ನಾಚಿಕೆ ಆಗಿತ್ತು ಕಣೇ. ಯಾರಿಗೂ ಹೇಳಿಲ್ಲ,” ಎಂದ ಭಾವ, ತಲೆಯೆತ್ತಿ ಅವನ ಮುಖವನ್ನೇ ನೋಡುತ್ತ. “ಕಳಾವರ್, ಡೈಮನ್. ಇವೇ.”

ನಗು ಒಂದೊಂದೇ ಸಾಲಿನಲ್ಲಿ ನಿಂತಿತು. “ಎದುರಿನವರು ಬಿಚ್ಚದ ಎಲೇನ ಕವುಚಿ ಇಡ್ತೀವಲ್ಲಪ್ಪಾ, ಮರೆತೆಯಾ?” ಎಂದು ಮೇಷ್ಟ್ರು ಮೆಲ್ಲಗೆ ಕೈ ಚಾಚಿ ಎರಡು ರಾಣಿಯರನ್ನೂ ಬೋರಲು ಹಾಕಿದರು. ಅವನು ಬಾಯಿ ತೆರೆದ, ಅಂದಾಜು ಮಾಡಿದೆ ಎನ್ನಲು. ಜೋಡಿಯೆಂದು ಅಂದಾಜು ಮಾಡಬಹುದು, ರಾಣಿಯೆಂದೂ ಮಾಡಬಹುದು. ನಾಲ್ಕು ರಾಣಿಯರಲ್ಲಿ ಈ ಇಬ್ಬರೇ ಎಂದು ಯಾವ ಅಂದಾಜು ಹೇಳುತ್ತದೆ? ನಿನ್ನೆ ಆ ನಾಲ್ಕು ನಿಮಿಷವೂ ಅವು ಅವನ ಕಣ್ಣಿಗೆ ಎಷ್ಟು ಬಿಚ್ಚಿಕೊಂಡು ಕಂಡಿದ್ದವೆಂದರೆ, ಭಾವ ಅವನ್ನು ಕವುಚಿಯೇ ತಳ್ಳಿದ್ದು, ಕ್ಯಾಷಿಯರಮ್ಮ ಕವುಚಿಯೇ ರಾಶಿಗೆ ಸೇರಿಸಿದ್ದು ಅವನ ಗಮನಕ್ಕೆ ಬಂದಿರಲೇ ಇಲ್ಲ. ಆ ಹಾಲಿನಲ್ಲಿ ಭಾವನನ್ನು ಬಿಟ್ಟು ಬೇರೆ ಯಾರೂ ಆ ಎಲೆಗಳ ಮುಖ ನೋಡಿರಲಿಲ್ಲ.